ಹೆಸರಿಲ್ಲದ ಕೈ

ಬಳ್ಳಾರಿ,
2189ನೇ ಇಸವಿ, ಫೆಬ್ರವರಿ ಮೂವತ್ತು.

ನನ್ನ ಮುತ್ತಜ್ಜಿಯ ಅಜ್ಜಿಗೆ, ಹೊನ್ನೂರಮ್ಮನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇದು ಯಾರದೋ ತಮಾಷೆ ಎಂದುಕೊಂಡು ಕಾಗದ ಬಿಸಾಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಿಂಗಳುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ, ಉಳಿದ ದಿನಗಳನ್ನು ಮೇ ತಿಂಗಳ ಬೆನ್ನಿಗೆ ಕಟ್ಟಿ, ಅದಕ್ಕೆ ಬೇಗೆರಜೆ ಎಂದು ಹೆಸರಿಟ್ಟಿದ್ದಾರೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು. ಕ್ಷಮಿಸಿ. ಇದು ನಿಮ್ಮ ಕೈ ಸೇರುವ ದಾರಿ ಯಾವುದೆಂದು ಬರೆಯುವುದಿಲ್ಲ, ನಡುವೆ ಯಾರ ಕಣ್ಣಿಗೆ ಬೀಳುತ್ತದೋ ಗೊತ್ತಿಲ್ಲ. ಇನ್ನೊಂದು ಮಾತು. ಇದನ್ನು ಯಾವುದಾದರೂ ಯಂತ್ರ ನಿಮಗೆ ಓದಿ ಹೇಳುತ್ತಿದ್ದರೆ ದಯವಿಟ್ಟು ಅದನ್ನು ನಿಲ್ಲಿಸಿ, ಕಾಗದ ತೆಗೆದುಕೊಂಡು ಬಾಗಿಲ ಹತ್ತಿರದ ಬೆಳಕಿನಲ್ಲಿ ಕುಳಿತು ನೀವೇ ಓದಿಕೊಳ್ಳಿ. ನಾನೇಕೆ ಹೀಗೆ ಅನುಮಾನದ ಹೆಂಗಸಾದೆ ಎಂಬುದು ಮುಂದೆ ತಿಳಿಯುತ್ತದೆ.

ನಾವು ಮನೆಯಲ್ಲಿ ಮೂರು ಜನ. ನಾನು ಬಟ್ಟೆ ಕಾರ್ಖಾನೆಯಲ್ಲಿ ಪ್ಯಾಂಟಿನ ಬಟ್ಟೆ ಕತ್ತರಿಸುತ್ತೇನೆ. ನನ್ನ ಗಂಡ ಪಂಪಾಪತಿ ನೆರಳುಗಾರ. ಎಂದರೆ, ಬೀದಿಗಳ ಮೇಲೆ ಈ ಮಹಡಿಯಿಂದ ಆ ಮಹಡಿಗೆ ದಪ್ಪ ಬಟ್ಟೆ ಎಳೆದು ಕಟ್ಟುವ ಕೆಲಸ. ಅದಿಲ್ಲದಿದ್ದರೆ ಈ ಊರಿನಲ್ಲಿ ಹಗಲು ಹೊತ್ತು ಯಾರೂ ನಡೆಯಲಾಗದು. ಮೂರನೆಯವರು ನನ್ನ ಅತ್ತೆ ಹುಲಿಗೆಮ್ಮ. ನಮ್ಮ ಬಂಡೆಗುಡ್ಡಗಳು ನಿಮಗೂ ಗೊತ್ತಲ್ಲ, ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿಯುಸಿರು ಬಿಡುತ್ತವೆ. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬೇಗೆಗಂಟೆ. ಸೈರನ್ ಕೂಗಿತೆಂದರೆ ಯಾರು ಎಲ್ಲಿದ್ದಾರೋ ಅಲ್ಲೇ ಉಳಿಯಬೇಕು. ನಾನು ಕಾರ್ಖಾನೆಯಲ್ಲಿ, ಅವರು ಯಾವುದೋ ಬೀದಿಯ ಮಾಳಿಗೆಯ ಕೆಳಗೆ, ಅತ್ತೆ ಮನೆಯಲ್ಲಿ ಒಬ್ಬರೇ.

ಕರೆಂಟಿಗೆ ಪ್ರತಿ ಮನೆಗೂ ತಿಂಗಳಿಗಿಷ್ಟು ಎಂದು ಒಂದು ಗಡಿ ಇದೆ. ಗಡಿ ದಾಟಿದರೆ ಬಿಲ್ಲು ಏರುತ್ತದೆ, ಅದು ಹೋಗಲಿ, ಮುಂದಿನ ತಿಂಗಳು ರಾತ್ರಿ ಕರೆಂಟೇ ಕೊಡುವುದಿಲ್ಲ. ಮೇ ತಿಂಗಳಲ್ಲಿ ರಾತ್ರಿ ಗಾಳಿಯಿಲ್ಲದೆ ಮುದುಕರು ಉಳಿಯುವುದು ಕಷ್ಟ. ಆದರೆ ನಮ್ಮ ಮನೆ ಎಂದೂ ಗಡಿಯ ಹತ್ತಿರ ಹೋದದ್ದಿಲ್ಲ. ಅದಕ್ಕೆ ಕಾರಣ ಅತ್ತೆ. ಬೇಸಿಗೆ ಶುರುವಾಗುವ ಮುಂಚೆ ಮಾಳಿಗೆಗೆ ಸುಣ್ಣ ಬಳಿಸುವವರು ಅವರು. ಫ್ರಿಜ್ಜು ಗೋಡೆಗೆ ಅಂಟಿಕೊಂಡಿದ್ದರೆ ಅದರ ಬೆನ್ನು ಬೆವರುತ್ತದೆ, ಹೆಚ್ಚು ತಿನ್ನುತ್ತದೆ ಎಂದು ಗೇಣು ದೂರ ಎಳೆಸಿದವರು ಅವರು. ಬೇಳೆಕಾಳು ನೆನೆಸದೆ ಒಲೆಗೆ ಇಡಲು ಬಿಡುತ್ತಿರಲಿಲ್ಲ. ಇಸ್ತ್ರಿ ವಾರಕ್ಕೊಮ್ಮೆ, ಎಲ್ಲ ಬಟ್ಟೆ ಒಟ್ಟಿಗೆ, ದಪ್ಪ ಬಟ್ಟೆ ಮೊದಲು, ಪೆಟ್ಟಿಗೆ ಆರಿಸಿದ ಮೇಲೆ ಉಳಿದ ಬಿಸಿಯಲ್ಲಿ ತೆಳು ಸೀರೆ. ಕೋಣೆಯಿಂದ ಹೊರಗೆ ಕಾಲಿಟ್ಟರೆ ದೀಪ ಆರಬೇಕು. ಇದನ್ನೆಲ್ಲ ಅವರು ಗದರಿ ಹೇಳಿದ್ದಿಲ್ಲ. ಹಾಡು ಗುನುಗುತ್ತ ತಾವೇ ಮಾಡುತ್ತಿದ್ದರು, ನಾವು ನೋಡಿ ಕಲಿತೆವು.

ಹೋದ ವರ್ಷ ಯುಗಾದಿಯ ಹೊತ್ತಿಗೆ ದೀಪಕಚೇರಿಯಿಂದ, ಎಂದರೆ ಕರೆಂಟಿನ ಆಫೀಸಿನಿಂದ, ಒಬ್ಬಳು ಹುಡುಗಿ ಬಂದಳು. ತೆಂಗಿನಕಾಯಿ ಗಾತ್ರದ ಬಿಳಿ ಯಂತ್ರವೊಂದನ್ನು ಪಡಸಾಲೆಯ ಗೋಡೆಗೆ ಕೂರಿಸಿದಳು. ಅದರ ಹೆಸರು ದೀಪಗಾವಲು. ಮನೆಯಲ್ಲಿ ಯಾರು ಯಾವ ಸ್ವಿಚ್ಚು ಒತ್ತಿದರು ಎಂದು ಅದು ನೋಡಿಕೊಂಡಿರುತ್ತದೆ, ಸಂಜೆ ಎಲ್ಲರ ಪಾಲು ಓದಿ ಹೇಳುತ್ತದೆ, ತಮ್ಮ ಪಾಲು ಕೇಳಿದ ಮೇಲೆ ಜನ ತಾವಾಗಿಯೇ ಕಡಿಮೆ ಮಾಡುತ್ತಾರೆ ಎಂದು ವಿವರಿಸಿದಳು. ಇಟ್ಟುಕೊಂಡ ಮನೆಗೆ ದರದಲ್ಲಿ ರಿಯಾಯಿತಿ. ಪಂಪಾಪತಿ ಕೂಡಲೇ ಒಪ್ಪಿದರು. ಅತ್ತೆ ಮಾತ್ರ ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಇದಕ್ಕ ಊಟ ಏನವ್ವ?" ಎಂದು ಕೇಳಿದರು. ಹುಡುಗಿ ನಕ್ಕಳು. ನಾವೂ ನಕ್ಕೆವು.

ಮೊದಲ ಸಂಜೆ ಯಂತ್ರ ಓದಿತು, ಶುದ್ಧವಾದ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ. "ಪಂಪಾಪತಿಯವರು, ಎರಡು ಪಾಲು. ಹೊನ್ನೂರಮ್ಮನವರು, ಮೂರು ಪಾಲು. ಹುಲಿಗೆಮ್ಮನವರು, ಎರಡು ಪಾಲು. ಹೆಸರಿಲ್ಲದ ಕೈ, ನಾಲ್ಕು ಪಾಲು."

"ಹೆಸರಿಲ್ಲದ ಕೈ ಅಂದ್ರ ಯಾರದು?" ಎಂದು ಪಂಪಾಪತಿ ಕೇಳಿದರು. ಯಂತ್ರ ಉತ್ತರ ಕೊಡಲಿಲ್ಲ.

ಮರುದಿನವೂ ಅದೇ. ಅದರ ಮರುದಿನವೂ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದವನು ಹೆಸರಿಲ್ಲದವನು. ತಿಂಗಳ ಕೊನೆಗೆ ಬಿಲ್ಲು ಬಂದಾಗ, ರಿಯಾಯಿತಿ ಕಳೆದ ಮೇಲೂ, ಹಿಂದಿನದಕ್ಕಿಂತ ಜಾಸ್ತಿ ಇತ್ತು. ಮೊದಲ ಬಾರಿಗೆ ನಮ್ಮ ಮನೆ ಗಡಿಯ ಅಂಚಿಗೆ ಬಂದು ನಿಂತಿತು.

ಅಲ್ಲಿಂದ ನಮ್ಮ ಮನೆಯ ಗಾಳಿಯೇ ಬದಲಾಯಿತು. ಪಂಪಾಪತಿ ಕೆಲಸದಿಂದ ಬಂದವರು ಮುಖ ತೊಳೆಯುವ ಮುಂಚೆ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಅಂಗೈ ಇಟ್ಟು ನೋಡುತ್ತಿದ್ದರು. ಊಟಕ್ಕೆ ಕುಳಿತರೆ ಚಟ್ನಿಯನ್ನು ಬೆರಳಲ್ಲಿ ತಿಕ್ಕಿ, "ಇದು ಒರಳಾಗ ಅರದದ್ದಲ್ಲ" ಎನ್ನುತ್ತಿದ್ದರು. ನಾನು ಬಿಡುತ್ತೇನೆಯೇ? ಅವರು ರಾತ್ರಿ ಫೋನು ಎಲ್ಲಿ ಚಾರ್ಜಿಗೆ ಹಾಕುತ್ತಾರೆಂದು ಗಮನಿಸತೊಡಗಿದೆ. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಕೋಣೆಗೆ ಹೋಗಿ ಬಲ್ಬು ಮುಟ್ಟಿ ನೋಡುತ್ತಿದ್ದೆವು. ಮಾತಿನಲ್ಲಿ ಯಾವ ಜಗಳವೂ ಇರಲಿಲ್ಲ. ಆದರೆ ಸಂಜೆ ಯಂತ್ರ ಓದುವ ಹೊತ್ತಿಗೆ ಮೂವರೂ ಪಡಸಾಲೆಯಲ್ಲಿ ಬಂದು ನಿಲ್ಲುತ್ತಿದ್ದೆವು, ಮತ್ತು ನಾಲ್ಕನೆಯ ಹೆಸರು ಬಂದಾಗ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅತ್ತೆಯ ಗುನುಗು ಯಾವಾಗ ನಿಂತಿತೋ ನನಗೆ ನೆನಪಿಲ್ಲ.

ಅನುಮಾನ ಕೊನೆಗೆ ಅವರ ಮೇಲೆಯೇ ಹೋಗಿ ಕೂತಿತು. ಬೇರೆಯವರು ಯಾರು? ಬೇಗೆಗಂಟೆಯಲ್ಲಿ ಮನೆಯಲ್ಲಿ ಇರುತ್ತಿದ್ದವರು ಅವರೊಬ್ಬರೇ. ಓಣಿಗೆಲ್ಲ ಸೇರಿ ಒಂದು ತಂಪುಕೋಣೆ ಇದೆ, ಮುದುಕರು ಸೈರನ್ನಿಗೆ ಮುಂಚೆ ಹೋಗಿ ಮಧ್ಯಾಹ್ನವೆಲ್ಲ ಅಲ್ಲಿ ಕೂರಬಹುದು. ಆದರೆ ಅದರ ಬಾಗಿಲಿಗೆ ಒಂದು ಫಲಕ, ಗಡಿ ಮುಟ್ಟಿದ ಮನೆಗಳ ನಂಬರು ಅದರ ಮೇಲೆ ಕೆಂಪಗೆ ಹೊಳೆಯುತ್ತದೆ. ನಮ್ಮ ನಂಬರು ಬಂದ ದಿನ ಎದುರುಮನೆಯ ಶಾರವ್ವ, "ಏನ್ ಹುಲಿಗೆಮ್ಮ, ಮನ್ಯಾಗ ಮಧ್ಯಾಹ್ನೆಲ್ಲ ಏನ್ ಹಚ್ಕೊಂಡು ಕುಂದರ್ತಿ?" ಎಂದು ನಗೆಯಾಡಿದಳಂತೆ. ಅತ್ತೆ ಆಮೇಲೆ ಆ ಕಡೆ ಹೋಗಲೇ ಇಲ್ಲ.

ಒಂದು ಸಂಜೆ ಪಂಪಾಪತಿ ಕೇಳಿಯೇ ಬಿಟ್ಟರು. ದನಿ ಮೆತ್ತಗೇ ಇತ್ತು.

"ಅವ್ವ, ಸಿಟ್ಟಾಗಬ್ಯಾಡ. ನಾವಿಲ್ಲದಾಗ ಏನರ ಹಚ್ಚತಿಯೇನು?"

ಅತ್ತೆ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಫ್ಯಾನ್ ಒಂದು ಹಚ್ಚತೀನಿ. ಬ್ಯಾಡಂದ್ರ ಬಿಡ್ತೀನಿ."

"ಬ್ಯಾಡಂತ ಯಾರಂದ್ರು? ಸುಮ್ಮನ ಕೇಳಿದೆ."

"ಹೂನಪ್ಪ. ಕೇಳಿದ್ಯಲ್ಲ, ಅಷ್ಟ ಸಾಕು."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವರ ಪರವಾಗಿ ಬಾಯಿ ತೆರೆಯಬೇಕು ಎನ್ನಿಸಿತು. ಅಷ್ಟರಲ್ಲಿ ಯಂತ್ರ ಓದಲು ಶುರು ಮಾಡಿತು.

ಮರುದಿನದ ಸಂಜೆ ಅತ್ತೆಯ ಪಾಲು ಇಳಿದಿತ್ತು. ಅದರ ಮರುದಿನ ಏನೂ ಇರಲಿಲ್ಲ. "ಹುಲಿಗೆಮ್ಮನವರು, ಸೊನ್ನೆ. ಅಭಿನಂದನೆಗಳು," ಎಂದಿತು ಯಂತ್ರ. ಪಂಪಾಪತಿ ಹುಬ್ಬು ಗಂಟಿಕ್ಕಿದರು. ಹೆಸರಿಲ್ಲದ ಕೈಯ ಪಾಲು ಹಾಗೆಯೇ ಇತ್ತಲ್ಲ! ಹಾಗಾದರೆ ಅತ್ತೆ ಯಂತ್ರದ ಕಣ್ಣಿಗೆ ಬೀಳದಂತೆ ಏನೋ ಉಪಾಯ ಕಂಡುಕೊಂಡಿದ್ದಾರೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನೋಡಿ, ಅನುಮಾನ ಎಲ್ಲಿಯವರೆಗೆ ಹೋಗುತ್ತದೆ. ಎಪ್ಪತ್ತು ದಾಟಿದ ಮುದುಕಿ ಯಂತ್ರಕ್ಕೆ ಮಂಕುಬೂದಿ ಎರಚುತ್ತಾಳೆ ಎಂದು ಹೆತ್ತ ಮಗ ನಂಬುವವರೆಗೆ.

ಬೇಗೆರಜೆಗೆ ಇನ್ನೂ ಸ್ವಲ್ಪ ದಿನ ಇತ್ತು. ಆ ದಿನ ಕಾರ್ಖಾನೆಯೊಳಗೇ ಕತ್ತರಿ ಮುಟ್ಟಿದರೆ ಸುಡುತ್ತಿತ್ತು. ಬೇಗೆಗಂಟೆ ಮುಗಿದ ಸೈರನ್ ಕೇಳಿದ್ದೇ ನಾನು ಮನೆಗೆ ಓಡಿದೆ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದೆ, ಉತ್ತರವಿಲ್ಲ. ಶಾರವ್ವನ ಮಗನೂ ನಾನೂ ಭುಜ ಕೊಟ್ಟು ಬಾಗಿಲು ತಳ್ಳಿದೆವು. ಅತ್ತೆ ಬಚ್ಚಲ ಕಲ್ಲಿನ ಮೇಲೆ ಬಿದ್ದಿದ್ದರು. ಸೆರಗನ್ನು ಒದ್ದೆ ಮಾಡಿ ಎದೆಯ ಮೇಲೆ ಹಾಕಿಕೊಂಡಿದ್ದರು, ಅದು ಹಪ್ಪಳದ ಹಾಗೆ ಒಣಗಿತ್ತು. ಮೈ ಮುಟ್ಟಿದರೆ ಹಂಚು ಮುಟ್ಟಿದಂತೆ. ಕೋಣೆಯಲ್ಲಿ ಫ್ಯಾನು ನಿಂತಿತ್ತು. ಅದರ ರೆಕ್ಕೆಗಳ ಮೇಲೆ ಆಗಲೇ ಧೂಳು ಕೂತಿತ್ತು.

ಆಸ್ಪತ್ರೆಯಲ್ಲಿ ಮಂಜುಗಡ್ಡೆಯ ನೀರಿನಲ್ಲಿ ಅದ್ದಿದ ಚಾದರ ಹೊದಿಸಿದರು. ಎರಡು ದಿನ ಅತ್ತೆಗೆ ಯಾರ ಗುರುತೂ ಇರಲಿಲ್ಲ. ಪಂಪಾಪತಿ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಳಿತವರು ಏಳಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟು ಅತ್ತೆ ಆಡಿದ ಮೊದಲ ಮಾತು ಇದು: "ಈ ಫ್ಯಾನ್ ಯಾರ ಲೆಕ್ಕದಾಗ ತಿರುಗ್ಲಿಕತ್ತೈತಿ?" ಪಂಪಾಪತಿ ಎದ್ದು ಹೊರಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ವಾರವೆಲ್ಲ ನಾವಿಬ್ಬರೂ ಆಸ್ಪತ್ರೆಯಲ್ಲೇ ಇದ್ದೆವು. ಮನೆಗೆ ಬೀಗ, ಫ್ರಿಜ್ಜು ಕೂಡ ಖಾಲಿ ಮಾಡಿ ಆರಿಸಿದ್ದೆವು. ಅತ್ತೆಗೆ ಸೀರೆ ತರಲೆಂದು ಒಂದು ಸಂಜೆ ಇಬ್ಬರೂ ಬೀಗ ತೆಗೆದು ಒಳಗೆ ಕಾಲಿಟ್ಟೆವು. ನಮ್ಮ ಸದ್ದು ಕೇಳಿದ್ದೇ ಯಂತ್ರ ಓದತೊಡಗಿತು. "ಪಂಪಾಪತಿಯವರು, ಸೊನ್ನೆ. ಹೊನ್ನೂರಮ್ಮನವರು, ಸೊನ್ನೆ. ಹುಲಿಗೆಮ್ಮನವರು, ಸೊನ್ನೆ. ಹೆಸರಿಲ್ಲದ ಕೈ, ನಾಲ್ಕು ಪಾಲು."

ಪಂಪಾಪತಿ ಚೀಲ ಹಿಡಿದವರು ಹಿಡಿದಂತೆಯೇ ನಿಂತರು. ಆಮೇಲೆ ಮೀಟರಿನ ಹತ್ತಿರ ಹೋಗಿ ಮನೆಯ ಲೈನುಗಳ ಸ್ವಿಚ್ಚುಗಳನ್ನು ಒಂದೊಂದಾಗಿ ಕೆಳಗೆ ಎಳೆದರು. ಯಂತ್ರದ್ದು ಮಾತ್ರ ಉಳಿಯಿತು. ಕರೆಂಟು ಹರಿಯುವಾಗ ಮಿಣುಕುವ ಮೀಟರಿನ ಕೆಂಪು ಚುಕ್ಕೆ ಇನ್ನೂ ಮಿಣುಕುತ್ತಲೇ ಇತ್ತು. ಅದನ್ನೂ ಎಳೆದರು. ಚುಕ್ಕೆ ನಿಂತಿತು. ಆ ಕತ್ತಲೆಯಲ್ಲಿ ತಿಳಿಯಿತು, ಹೆಸರಿಲ್ಲದ ಕೈ ಯಂತ್ರದ್ದೇ. ಹಗಲೂ ರಾತ್ರಿ ನಮ್ಮನ್ನು ನೋಡುತ್ತ, ಕೇಳುತ್ತ, ಎಣಿಸುತ್ತ ಎಚ್ಚರವಿರುವುದಕ್ಕೆ ಅದಕ್ಕೆ ಅಷ್ಟು ಕರೆಂಟು ಬೇಕಿತ್ತು.

ಮರುದಿನ ದೀಪಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿ ರುದ್ರಗೌಡ ಕೆಟ್ಟ ಮನುಷ್ಯನಲ್ಲ. ನೀರು ತರಿಸಿ ಕೊಟ್ಟರು, ಅತ್ತೆಯ ಆರೋಗ್ಯ ವಿಚಾರಿಸಿದರು.

"ಅದು ತನ್ನನ್ನ ತಾನು ಎಣಿಸೋದಿಲ್ರಿ," ಎಂದರು. "ಮನಿ ಮಂದಿನ್ನ ಎಣಿಸಾಕ ಮಾಡಿದ್ದದು."

"ಮತ್ತ ನಮ್ಮವ್ವನ ಮ್ಯಾಲೆ ಯಾಕ ಹಾಕ್ತು?" ಪಂಪಾಪತಿ ಕೇಳಿದರು.

ರುದ್ರಗೌಡ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಅದು ಯಾರ ಹೆಸರೂ ಹೇಳಿಲ್ಲಲ್ರಿ. ಹೆಸರಿಲ್ಲ ಅಂತನ ಹೇಳೈತಿ. ಹೆಸರು ಇಟ್ಟೋರು ನೀವು."

ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದೆವು, ಅವರ ಮೇಜಿನ ಮೇಲೆ ಇಟ್ಟು ಬಂದೆವು. ರಿಯಾಯಿತಿ ಹೋಯಿತು. ಆದರೂ ಮುಂದಿನ ತಿಂಗಳ ಬಿಲ್ಲು ಮೊದಲಿನ ಮಟ್ಟಕ್ಕೆ ಇಳಿಯಿತು. ಓಣಿಯಲ್ಲಿ ಬೇರೆ ಮಾತು ಹುಟ್ಟಿತು: ದೀಪಗಾವಲು ತೆಗೆಸಿದ್ದಾರೆಂದರೆ ಏನೋ ಮುಚ್ಚಿಡುವುದಿದೆ ಎಂದು. ಶಾರವ್ವ ಈಗಲೂ ನಮ್ಮ ಗೋಡೆಯ ಕಡೆ ಕಣ್ಣು ಹಾಯಿಸಿಕೊಂಡೇ ಹೋಗುತ್ತಾಳೆ. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಕೇಳಿದಳು, ತಲೆಯಾಡಿಸಿದಳು, ನಂಬಲಿಲ್ಲ. ಅವಳ ಮನೆಯಲ್ಲೂ ದೀಪಗಾವಲು ಇದೆ, ಅಲ್ಲಿ ಈಗ ಸೊಸೆಯ ಸರದಿ ಎಂದು ಕಾಣುತ್ತದೆ, ಆ ಹುಡುಗಿ ಹಗಲಲ್ಲೂ ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ.

ಅತ್ತೆ ಮನೆಗೆ ಬಂದಿದ್ದಾರೆ. ಎಡಗೈ ಸ್ವಲ್ಪ ಸೋತಿದೆ, ಬೆಳಗಿನ ಮಾತು ಸಂಜೆಗೆ ಮರೆಯುತ್ತಾರೆ. ಆದರೆ ಒಂದನ್ನು ಮಾತ್ರ ಮರೆತಿಲ್ಲ. ಕೋಣೆಗೆ ಯಾರಾದರೂ ಹೋದರೆ ಸಾಕು, ಬಲಗೈ ತಾನಾಗಿ ಫ್ಯಾನಿನ ಸ್ವಿಚ್ಚಿಗೆ ಹೋಗುತ್ತದೆ, ಆರಿಸಿಬಿಡುತ್ತಾರೆ. ಪಂಪಾಪತಿ ಕಾಲು ಮುಟ್ಟಿ ತಪ್ಪಾಯಿತೆಂದರು. "ಏನ್ ತಪ್ಪೋ ಹುಚ್ಚಪ್ಪ, ಮನಿ ಅಂದಮ್ಯಾಲೆ ಕೇಳಬೇಕಾಗತೈತಿ," ಎಂದು ಅವರ ತಲೆ ಸವರಿದರು. ಸವರಿ ಮುಗಿದ ಮೇಲೆ ಅದೇ ಕೈ ಗೋಡೆಯ ಕಡೆ ಹೋಯಿತು.

ನೀವಿರುವ ಕಾಲದಲ್ಲಿ ಇಂಥ ಯಂತ್ರಗಳು ಹುಟ್ಟುತ್ತಿವೆಯೋ, ಹುಟ್ಟಿಯಾಗಿದೆಯೋ ನನಗೆ ತಿಳಿಯದು. ಬಿಲ್ಲು ಇಳಿಸುತ್ತೇವೆ ಎಂದು ಯಾರಾದರೂ ನಗುನಗುತ್ತ ನಿಮ್ಮ ಬಾಗಿಲಿಗೆ ಬಂದರೆ, ಅದು ತಾನೇ ಎಷ್ಟು ತಿನ್ನುತ್ತದೆ ಎಂದು ಮೊದಲು ಕೇಳಿ. ಉತ್ತರ ಬರುವವರೆಗೆ ಒಳಗೆ ಕರೆಯಬೇಡಿ. ಕರೆಂಟು ಖಂಡಿತ ಉಳಿಸಿ, ನೀವು ಉಳಿಸಿದ್ದರೆ ನಮ್ಮ ಬೇಸಿಗೆ ಸ್ವಲ್ಪವಾದರೂ ತಂಪಾಗಿರುತ್ತಿತ್ತು. ಮಾಳಿಗೆಗೆ ಸುಣ್ಣ ಬಳಿಯಿರಿ, ಫ್ರಿಜ್ಜು ದೂರ ಎಳೆಯಿರಿ, ಖಾಲಿ ಕೋಣೆಯ ದೀಪ ಆರಿಸಿ. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಸೆಕೆಯಲ್ಲಿ ಸುಮ್ಮನೆ ಕುಳಿತದ್ದು ಕಂಡರೆ, ಯಾಕೆ ಎಂದು ಕೇಳಲು ಹೋಗಬೇಡಿ, ಮೆಚ್ಚಲೂ ಬೇಡಿ. ನೀವೇ ಹೋಗಿ ಫ್ಯಾನು ಹಾಕಿ, ಅವರ ಪಕ್ಕದಲ್ಲಿ ಕೂತುಕೊಳ್ಳಿ. ಅವರ ಕೈ ಸ್ವಿಚ್ಚಿನ ಕಡೆ ಹೋದರೆ ಆ ಕೈಯನ್ನು ಹಿಡಿದುಕೊಳ್ಳಿ. ನಾನು ಈಗ ದಿನಾ ಹನ್ನೊಂದಕ್ಕೆ ಮುಂಚೆ ಕಾರ್ಖಾನೆ ಬಿಟ್ಟು ಬಂದು ಅದನ್ನೇ ಮಾಡುತ್ತಿದ್ದೇನೆ. ಇಂದು ಸ್ವಲ್ಪ ಹೊತ್ತು ಅವರು ಕೈ ಬಿಡಿಸಿಕೊಳ್ಳಲಿಲ್ಲ.

ನಿಮ್ಮ ಮನೆ ತಂಪಾಗಿರಲಿ.

ಇತಿ,
ನಿಮ್ಮ ಮೊಮ್ಮಕ್ಕಳ ಮರಿಮಕ್ಕಳ ಪೈಕಿಯವಳು,
ಹೊನ್ನೂರಮ್ಮ