ಬತ್ತಿ ಹೊಸೆಯುವ ಕೈ

ಹಾನಗಲ್ಲ
೧೬ ನವೆಂಬರ್ ೧೯೬೪

ಪ್ರೀತಿಯ ಅಣ್ಣಾ,

‘ನವಿಲು ಕರದರ ಮಳಿ ಬರತೈತಿ, ನಾ ಕರದರ ಯಾರ ಬಂದಾರ’. ಚಿಗವ್ವ ಬೀಸುವಾಗ ಹಾಡುತ್ತಿದ್ದುದು ಹೀಗೆಯೇ ಅಲ್ಲವೇ? ಕೊನೆಗೆ ‘ಯಾರ ಬಂದಾರ’ ಎಂದಿತ್ತೋ, ‘ನೀ ಬರತಿ’ ಎಂದಿತ್ತೋ? ಎರಡು ದಿನದಿಂದ ಅದೇ ಗುಂಗು. ಇರಲಿ, ನಿನ್ನ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದಲ್ಲಿ ಚಳಿ ಬಿದ್ದಿದೆಯೇ? ವೈನಿಯ ಕೆಮ್ಮು ನಿಂತಿತೇ?

ನಾವು ಬೀಸುವ ಕಲ್ಲಿನ ಪಕ್ಕ ಮಲಗಿ, ಜೋಳದ ಹಿಟ್ಟಿನ ಬೆಚ್ಚನೆಯ ವಾಸನೆಯಲ್ಲಿ ಅವಳ ಪದ ಕೇಳುತ್ತಿದ್ದೆವು. ಅವಳಿಗೆ ಯಾರೋ ಕರೆಯುವ ದನಿ ಕೇಳತೊಡಗಿದ್ದು ಎಷ್ಟೋ ವರ್ಷಗಳ ಮೇಲೆ. ಆ ದನಿಯ ಹಿಂದೆ ಕೆರೆಗಿಳಿದವಳನ್ನು ನೀನೇ ಎತ್ತಿ ತಂದೆ. ಅವಳ ಒದ್ದೆ ಸೀರೆ ನಿನ್ನ ಹೆಗಲ ಮೇಲೆ ಜೋತಾಡುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಆಮೇಲೆ ನೀನು ಕೊಡಿಸಿದ, ದನಿ ಅಡಗಿಸುವ ಗುಳಿಗೆ ಅವಳನ್ನು ನಮಗೆ ಉಳಿಸಿಕೊಟ್ಟಿತು. ನೀನು ಅದನ್ನು ದೇವರಂತೆ ನಂಬಿದ್ದು ತಪ್ಪಲ್ಲ.

ಆದರೆ ಈ ವರ್ಷ ಅವಳ ಮುಖ ಕಲ್ಲಾಯಿತು. ನಡೆದರೆ ಕಾಲು ಎಳೆಯುವಳು, ಬಾಯಿಂದ ಜೊಲ್ಲು, ಮಾತಿಲ್ಲ. ರೋಗ ಏರಿದೆಯೆಂದು ನೀನು ಸಂಜೆಯ ಗುಳಿಗೆ ಹೆಚ್ಚಿಸಲು ಬರೆದೆ, ನಾವು ಹೆಚ್ಚಿಸಿದೆವು. ಆಮೇಲೆ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಉಜ್ಜತೊಡಗಿದವು, ದಿನವಿಡೀ. ಪಕ್ಕದ ಮನೆಯ ಹೊಳೆವ್ವ ನೋಡಿ, “ಪಾಪ, ಕಾರ್ತಿಕಕ್ಕ ಇನ್ನೂ ಎರಡ ತಿಂಗಳ ಐತಿ, ಈಗ ಕೈ ಬತ್ತಿ ಹೊಸಿಯಾಕ ಹಾತೊರಿತಾವ” ಎಂದು ತನ್ನ ಮನೆಯ ಹತ್ತಿ ತಂದು ಅವಳ ಮಡಿಲಿಗೆ ಹಾಕಿದಳು. ನನಗೂ ಕಣ್ಣೀರು ಬಂತು. ಆದರೆ ಒಂದು ಬತ್ತಿಯೂ ಆಗಲಿಲ್ಲ. ಬೆರಳು ಆಡುತ್ತಲೇ ಇತ್ತು, ಹತ್ತಿ ನೆಲಕ್ಕೆ ಬಿತ್ತು.

ಧಾರವಾಡದ ಡಾಕ್ಟರರ ಬಳಿ ಕರೆದೊಯ್ದೆ. ಕೈ ನೋಡಿದೊಡನೆ ಅವರೆಂದರು: “ಇದು ರೋಗ ಅಲ್ಲರಿ, ಗುಳಿಗಿ ಮಾಡಿದ್ದು. ಅರವತ್ತೆಂಟರ ಮೈ ಇಷ್ಟು ತಾಳೂದಿಲ್ಲ. ಪೂರ್ತಿ ಬಿಡಸಬ್ಯಾಡ್ರಿ, ಸಾವಕಾಶ ಇಳಸೂಣು.” ಹಾಗೆಯೇ ಇಳಿಸಿದೆವು. ಈಗ ಮೊದಲಿನ ಅರ್ಧಕ್ಕಿಂತ ಕಡಿಮೆ. ಕೈ ನಡುಕ ಬಹಳ ತಗ್ಗಿದೆ, ರೊಟ್ಟಿ ತಾನೇ ಮುರಿದು ಉಣ್ಣುತ್ತಾಳೆ.

ದನಿ ಪೂರ್ತಿ ನಿಂತಿಲ್ಲ, ನಿನ್ನಿಂದ ಮುಚ್ಚಿಡುವುದಿಲ್ಲ. ಮೊನ್ನೆ ಅವಳನ್ನೇ ಕೇಳಿದೆ. “ಕರಿಯಾಕ ಹತ್ಯಾರ, ಆದ್ರ ದೂರಿಂದ. ನನಗ ಕೆಲಸ ಐತಿ, ಬರೂದಿಲ್ಲ ಅಂದೆ” ಎಂದಳು. ಬಾಗಿಲ ಅಗುಳಿ ನಾನೇ ಹಾಕುತ್ತೇನೆ, ಅವಳ ಪಕ್ಕದಲ್ಲೇ ಮಲಗುತ್ತೇನೆ. ಆ ಪದದ ಕೊನೆ ಏನೆಂದು ಕೇಳಿದ್ದಕ್ಕೆ, “ಮರ್ತೇನಿ. ಎಮ್ಮೆ ಕಲ್ತಾಕಿ ನೀನು, ನೀನ ಕಟ್ಟು” ಎಂದು ನಕ್ಕಳು. ನನ್ನ ಎಂ.ಎ. ಅವಳ ಬಾಯಲ್ಲಿ ಇನ್ನೂ ಎಮ್ಮೆಯೇ. ಆ ನಗು ನೀನೂ ನೋಡಬೇಕಿತ್ತು ಅಣ್ಣಾ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಚಿಗವ್ವನ ಆಶೀರ್ವಾದ.

ನಿನ್ನ ತಂಗಿ,
ನಾಗವ್ವ

ತಾ.ಕ.: ಗುಳಿಗೆ ಮತ್ತೆ ಏರಿಸಲು ಬರೆಯಬೇಡ. ಮೊದಲು ಬಂದು ಅವಳ ಎದುರು ಕುಳಿತುಕೋ, ಆಮೇಲೆ ಹೇಳು. ಲಕೋಟೆ ಅಂಟಿಸುವಷ್ಟರಲ್ಲಿ ಹೊಳೆವ್ವ ಮುಖ ಗಂಟಿಕ್ಕಿಕೊಂಡು ಬಾಗಿಲಿಗೆ ಬಂದಳು, ಕೈತುಂಬ ಬತ್ತಿ. “ನಿಮ್ಮ ಚಿಗವ್ವ ಹೊಸೆದ ಬತ್ತಿ ಭಾಳ ದಪ್ಪ ಆಗ್ಯಾವರಿ, ಎಣ್ಣಿ ಗಟಗಟ ಕುಡಿತಾವ. ಹೇಳಿದ್ರ ನನಗ ಜಿಪುಣಿ ಅಂತಾಳ! ನಾಳಿಂದ ಸಣ್ಣಗ ಹೊಸಿ ಅಂತ ನೀವರ ಹೇಳ್ರಿ, ನನ್ನ ಮಾತ ಕೇಳವಲ್ಲಳು.”