ನಮ್ಮ ಗೊಂಬೆಗಳು ರಾಜೀನಾಮೆ ಕೊಡುವುದಿಲ್ಲ

ತೆರಿಗೆ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಾವು ಹನ್ನೊಂದು ಜನ ಕೆಲಸಗಾರರನ್ನು ಕೋಣೆಯಲ್ಲಿ ಬಚ್ಚಿಟ್ಟು ದುಡಿಸಿಕೊಳ್ಳುತ್ತಿದ್ದೇವೆ ಎಂದು ನಿಮ್ಮ ಕಚೇರಿಯಿಂದ ನೋಟಿಸ್ ಬಂದಿದೆ. ಆ ಹನ್ನೊಂದು ಜನರಲ್ಲಿ ಇಬ್ಬರಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲ. ಒಬ್ಬನ ಬೆನ್ನಿನಲ್ಲಿ ನನ್ನ ಮುಷ್ಟಿ ತೂರುವಷ್ಟು ದೊಡ್ಡ ತೂತಿದೆ. ಒಬ್ಬಾಕೆಗೆ ಹೋದ ವಾರವಷ್ಟೇ ಮೂಗು ಬಂದಿದೆ. ಇವರೆಲ್ಲ ಬಟ್ಟೆ ಅಂಗಡಿಗಳಲ್ಲಿ ಗಾಜಿನ ಹಿಂದೆ ನಿಲ್ಲುವ ಗೊಂಬೆಗಳು. ಮುರಿದಾಗ ನಮ್ಮಲ್ಲಿಗೆ ಬರುತ್ತವೆ, ರಿಪೇರಿಯಾದ ಮೇಲೆ ಹೋಗುತ್ತವೆ. ರಿಪೇರಿ ಮಾಡುವವರು ನನ್ನ ದೊಡ್ಡಮ್ಮ ಮತ್ತು ನಾನು, ಇಬ್ಬರೇ. ಈ ತಿಂಗಳು ಮುಗಿಯುವುದರೊಳಗೆ ನಾವು ಆ ಹನ್ನೊಂದು ಮಂದಿಯ ಬಗ್ಗೆ ಉತ್ತರ ಹೇಳದಿದ್ದರೆ ನಮ್ಮ ಮನೆಗಸುಬಿನ ಪರವಾನಗಿ ರದ್ದಾಗುತ್ತದೆಯಂತೆ. ಪರವಾನಗಿ ಹೋದರೆ ಕೋಣೆಯೂ ಹೋಯಿತು. ನಾವು ಕೆಲಸ ಮಾಡುವುದು ಜನವಸತಿ ಕಟ್ಟಡದ ಕೆಳಮನೆಯಲ್ಲಿ, ಅಲ್ಲಿ ಮೂವರಿಗಿಂತ ಹೆಚ್ಚು ಮಂದಿ ದುಡಿಯುವ ಕಸುಬಿಗೆ ಜಾಗವಿಲ್ಲ.

ಇದನ್ನೆಲ್ಲ ನಿಮ್ಮ ಕಚೇರಿಗೇ ಬಂದು ಹೇಳಬಹುದಿತ್ತು. ಆದರೆ ಕೌಂಟರಿನ ಆಚೆ ಯಾರಾದರೂ ತಲೆಯೆತ್ತಿ "ಏನು?" ಎಂದರೆ ಸಾಕು, ನಾನು ಬಂದ ದಾರಿಯಲ್ಲೇ ಹಿಂದಿರುಗಿಬಿಡುತ್ತೇನೆ. ನಾಚಿಕೆ ಸ್ವಭಾವದವಳು. ಆದ್ದರಿಂದ ಒಬ್ಬರ ಮುಂದೆ ಹೇಳಲಾರದ್ದನ್ನು ಪತ್ರಿಕೆಯಲ್ಲಿ ಊರಿಗೆಲ್ಲ ಹೇಳುತ್ತಿದ್ದೇನೆ.

ಹೋದ ವರ್ಷದ ತನಕ ನಮ್ಮ ತೆರಿಗೆ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಆಡಿಟರ್. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಸುಮ್ಮನೆ ಕೂತಾಗ ಬನಿಯನ್ನಿನಲ್ಲಿರುತ್ತಾರೆ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದರೆ ಮೊಳೆಗೆ ನೇತುಹಾಕಿದ ಕೋಟನ್ನು ಎಳೆದು ತೊಡುತ್ತಾರೆ. ನಾವಿಬ್ಬರೂ ಅವರನ್ನು ಕೋಟಿನವರು ಎನ್ನುತ್ತೇವೆ. ಪ್ರತಿ ವರ್ಷ ದೊಡ್ಡಮ್ಮ ಅವರ ಮುಂದೆ ಕೂತು ಪುಟ್ಟಿ, ಬಣ್ಣ, ಉಪ್ಪುಕಾಗದ, ರೆಪ್ಪೆಕೂದಲು ಎಂದು ಖರ್ಚು ಹೇಳುವುದು, ಅವರು "ರೆಪ್ಪೆಕೂದಲಾ? ಅದನ್ನ 'ಇತರೆ' ಅಂತ ಹಾಕೋಣ" ಎನ್ನುವುದು, ಇದು ನಡೆದುಬಂದ ಪದ್ಧತಿ. ನಮ್ಮ ಇಡೀ ಕಸುಬೇ ಅವರ ಕಾಗದದಲ್ಲಿ ಇತರೆ ಎಂಬ ಖಾನೆಯೊಳಗಿತ್ತು. ಅಲ್ಲಿ ನಾವು ಸುಖವಾಗಿಯೇ ಇದ್ದೆವು.

ಅಷ್ಟರಲ್ಲಿ ನೀವು ಬಸ್ ನಿಲ್ದಾಣದ ಗೋಡೆಗೆ ಪೋಸ್ಟರ್ ಹಚ್ಚಿಸಿದಿರಿ. "ನಿಮ್ಮ ತೆರಿಗೆ, ನಿಮ್ಮ ಬೆರಳ ತುದಿಯಲ್ಲಿ. ಹತ್ತೇ ನಿಮಿಷ. ಯಾರ ಹಂಗೂ ಬೇಡ." ಕೆಳಗೆ ನಿಮ್ಮ ಕಚೇರಿಯ ಹೊಸ ಉಚಿತ ಸಾಫ್ಟ್‌ವೇರಿನ ವಿಳಾಸ. ಮೇಲಿನ ಮನೆಯ ಬಸ್ ಡ್ರೈವರಣ್ಣ ಕಾಫಿ ಆರುವುದರೊಳಗೆ ತನ್ನ ರಿಟರ್ನ್ಸ್ ಕಳಿಸಿ, ಇಡೀ ಕಟ್ಟಡಕ್ಕೆ ಕೇಳುವಂತೆ ಸೀಟಿ ಹೊಡೆದ. ನನಗಂತೂ ಆ "ಯಾರ ಹಂಗೂ ಬೇಡ" ಎನ್ನುವ ಮಾತು ಜೇನಿನಂತಿತ್ತು. ಸಾಫ್ಟ್‌ವೇರ್ ಎಂದರೆ ಮುಖ ಕೊಟ್ಟು ಮಾತಾಡಬೇಕಿಲ್ಲ, ತಡವರಿಸಿದರೆ ಅದು ಗಡಿಯಾರ ನೋಡುವುದಿಲ್ಲ, "ಜೋರಾಗಿ ಹೇಳಮ್ಮ" ಎಂದು ಗದರುವುದಿಲ್ಲ. ನಾಚುವವರಿಗಾಗಿಯೇ ಮಾಡಿದ ಹಾಗಿತ್ತು.

"ದೊಡ್ಡಮ್ಮ, ಈ ಸಲ ನಾವೇ ಮಾಡೋಣ" ಎಂದೆ.

"ಕೋಟಿನವರು ಬೇಜಾರು ಮಾಡ್ಕೋತಾರೆ ಕಣೇ."

"ಅವರ ಫೀಸಲ್ಲಿ ಒಳ್ಳೆ ಬಣ್ಣ ತರಬಹುದು."

"ಹಂಗಂದ್ರೆ ಬೇಜಾರು ಮಾಡ್ಕೊಳ್ಲಿ ಬಿಡು" ಎಂದಳು ದೊಡ್ಡಮ್ಮ.

ಸಾಫ್ಟ್‌ವೇರ್ ಬಹಳ ಮರ್ಯಾದಸ್ಥ. ಎಲ್ಲದಕ್ಕೂ "ದಯವಿಟ್ಟು" ಎನ್ನುತ್ತದೆ. ನಮ್ಮ ಹೆಸರು, ಕಸುಬು, ಆದಾಯ ಕೇಳಿತು. ಕೆಲಸಗಾರರು ಎಷ್ಟು ಎಂದು ಕೇಳಿತು, ಇಬ್ಬರು ಎಂದು ಬರೆದೆ. ಕೊನೆಗೆ "ದಯವಿಟ್ಟು ನಿಮ್ಮ ಕೆಲಸದ ಸ್ಥಳದ ಒಂದು ಚಿತ್ರವನ್ನು ಸೇರಿಸಿ" ಎಂದಿತು. ಇಷ್ಟು ಮರ್ಯಾದೆಯಿಂದ ನಮ್ಮ ಕೋಣೆಯನ್ನು ನೋಡುತ್ತೇನೆ ಎಂದವರು ಯಾರೂ ಇರಲಿಲ್ಲ. ನಾನು ಸಂತೋಷದಿಂದ ಬಾಗಿಲಲ್ಲಿ ನಿಂತು ಫೋಟೋ ತೆಗೆದೆ.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಗೊಂಬೆಗೆ ಹೊಸ ತೋಳು ಅಂಟಿಸಿದರೆ ಅಂಟು ಗಟ್ಟಿಯಾಗುವ ತನಕ ತೋಳಿನ ಭಾರ ಭುಜದ ಮೇಲೆ ಬೀಳಬಾರದು. ಆದ್ದರಿಂದ ಗೊಂಬೆಯನ್ನು ಸ್ಟೂಲಿನ ಮೇಲೆ ಕೂರಿಸಿ ಕೈಗಳನ್ನು ಮೇಜಿನ ಮೇಲೆ ಊರಿಸುತ್ತೇವೆ. ಕುತ್ತಿಗೆ ಕೂಡಿಸಿದ್ದರೆ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸುತ್ತೇವೆ. ಮೈಮೇಲೆ ದೂಳು ಕೂರದಿರಲಿ ಎಂದು ನಮ್ಮ ಹಳೆಯ ಅಂಗಿ, ನೈಟಿಗಳನ್ನು ತೊಡಿಸುತ್ತೇವೆ. ಆವತ್ತು ಮೇಜಿನ ಸುತ್ತ ಹನ್ನೊಂದು ಗೊಂಬೆಗಳು ಹಳೆ ಬಟ್ಟೆ ಹಾಕಿಕೊಂಡು, ತಲೆ ತಗ್ಗಿಸಿ, ಕೈ ಮೇಜಿನ ಮೇಲಿಟ್ಟು ಕೂತಿದ್ದವು. ಅಷ್ಟು ಶ್ರದ್ಧೆಯ ಕೆಲಸಗಾರರನ್ನು ನೀವು ನಿಮ್ಮ ಕಚೇರಿಯಲ್ಲೂ ನೋಡಿರಲಾರಿರಿ.

ದೊಡ್ಡಮ್ಮ ಎಲ್ಲಿದ್ದಳು ಎಂದು ಕೇಳಬಹುದು. ಯಾವುದೋ ಗೊಂಬೆಯ ಕಿರುಬೆರಳು ಬಿದ್ದುಹೋಗಿತ್ತು, ಅದನ್ನು ಹುಡುಕಲು ಮೇಜಿನ ಕೆಳಗೆ ನುಸುಳಿದ್ದಳು. ಫೋಟೋದಲ್ಲಿ ಅವಳಿಲ್ಲ. ಫೋಟೋ ತೆಗೆದ ನಾನೂ ಇಲ್ಲ.

ನಿಮ್ಮ ಸಾಫ್ಟ್‌ವೇರ್ ಒಂದು ಗಳಿಗೆ ಯೋಚಿಸಿ ಹೀಗೆಂದಿತು: "ಚಿತ್ರದಲ್ಲಿ ಹನ್ನೊಂದು ಕೆಲಸಗಾರರು ಕಂಡುಬಂದಿದ್ದಾರೆ. ನೀವು ತಿಳಿಸಿರುವುದು ಇಬ್ಬರು. ದಯವಿಟ್ಟು ಸರಿಪಡಿಸಿ." ಕೆಳಗೆ ಎರಡು ಗುಂಡಿಗಳು. ಒಂದು, "ಒಪ್ಪುತ್ತೇನೆ". ಇನ್ನೊಂದು, "ಇನ್ನೂ ಹೆಚ್ಚು ಜನರಿದ್ದಾರೆ". ಮಾನ್ಯರೇ, ಮೂರನೆಯ ಗುಂಡಿ ಮಾಡಲು ಪ್ಲಾಸ್ಟಿಕ್ಕು ಬೇಕೆ, ಕಬ್ಬಿಣ ಬೇಕೆ? ಪರದೆಯ ಮೇಲಿನ ಗುಂಡಿಗೂ ನೀವು ಇಷ್ಟು ಜಿಪುಣತನ ಮಾಡಿದರೆ ಹೇಗೆ? ಆ ಕೋಣೆಯಲ್ಲಿ ನಿಜವಾಗಿ ಬೆನ್ನು ಬಗ್ಗಿಸಿದ್ದ ಒಬ್ಬಳೇ ಒಬ್ಬಳನ್ನು ಬಿಟ್ಟು ಉಳಿದೆಲ್ಲರನ್ನೂ ನಿಮ್ಮ ಯಂತ್ರ ಎಣಿಸಿದೆ. ಇದಕ್ಕೆ ನೀವು ಕಣ್ಣು ಎನ್ನುತ್ತೀರಾದರೆ ನಮ್ಮ ಗೊಂಬೆಗಳಿಗೂ ಕಣ್ಣುಗಳಿವೆ. ಅವನ್ನು ನಾನೇ ಬರೆಯುತ್ತೇನೆ.

ನಾನು ಯಾವ ಗುಂಡಿಯನ್ನೂ ಒತ್ತದೆ ಮುಚ್ಚಿಟ್ಟೆ. ಎರಡು ದಿನಕ್ಕೆ ನೋಟಿಸ್ ಬಂತು. ಅದರಲ್ಲಿ ಒಂದು ಸಹಾಯವಾಣಿ ನಂಬರಿತ್ತು. ಫೋನ್ ಮಾಡಿದವಳು ದೊಡ್ಡಮ್ಮ. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

"ಅಮ್ಮಾ, ಅವು ಗೊಂಬೆ" ಎಂದಳು ದೊಡ್ಡಮ್ಮ.

ಆ ಕಡೆಯ ಹುಡುಗಿ ಮೆಲುದನಿಯಲ್ಲಿ, "ಮೇಡಂ, ಹಾಗೆಲ್ಲ ಕೆಲಸಗಾರರನ್ನ ಕರೀಬಾರದು" ಎಂದಳು.

"ಕರೀತಿಲ್ಲಮ್ಮ, ಅವು ಗೊಂಬೆನೇ. ಅಂಗಡೀಲಿ ನಿಲ್ಲಿಸ್ತಾರಲ್ಲ, ಅವು."

"ನಮಗೆ ಇಲ್ಲಿ ಕೆಲಸಗಾರರು ಅಂತ ಬರ್ತಿದೆ. ಅವರಲ್ಲಿ ಯಾರಾದರೂ ಒಬ್ಬರಿಗೆ ಫೋನ್ ಕೊಡ್ತೀರಾ? ನಾನೇ ವಿಚಾರಿಸ್ತೀನಿ."

"ಕೊಡ್ತೀನಿ ತಾಯಿ, ಧಾರಾಳವಾಗಿ ಕೊಡ್ತೀನಿ. ಕಿವಿ ಇರೋಳಿಗೇ ಕೊಡ್ತೀನಿ." ದೊಡ್ಡಮ್ಮ ಫೋನನ್ನು ಹೊಸ ಮೂಗಿನವಳ ಕಿವಿಗೆ ಹಿಡಿದಳು. "ತಗೋಮ್ಮ, ಸರ್ಕಾರದವರು. ಮಾತಾಡು."

ಫೋನಿನೊಳಗಿಂದ ಸಣ್ಣಗೆ ಕೇಳುತ್ತಿತ್ತು: "ಹಲೋ... ಹೆದರಬೇಡಿ... ಅವರು ಪಕ್ಕದಲ್ಲೇ ಇದ್ದಾರಾ? ಸಂಬಳ ಸರಿಯಾಗಿ ಕೊಡ್ತಾರಾ?... ಹಲೋ?"

ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡೆ. ಆದರೂ ಸ್ವಲ್ಪ ಸದ್ದು ಹೊರಬಿತ್ತು. ಮೂರನೆಯ ದಿನ ಬಂದ ಎರಡನೆಯ ನೋಟಿಸಿನಲ್ಲಿ ಹೀಗಿತ್ತು: "ಕೆಲಸಗಾರರು ಭಯದಿಂದ ಮಾತನಾಡಲು ಹಿಂಜರಿಯುತ್ತಿರುವುದು ಕಂಡುಬಂದಿದೆ. ಹಿನ್ನೆಲೆಯಲ್ಲಿ ಬಿಕ್ಕುವ ಸದ್ದು ದಾಖಲಾಗಿದೆ." ಆ ಬಿಕ್ಕು ನನ್ನದು ಸ್ವಾಮೀ. ಅದಕ್ಕೂ ತೆರಿಗೆ ಇದ್ದರೆ ತಿಳಿಸಿ.

ಹೀಗೆ ಬಾಲ ಮುದುರಿಕೊಂಡು ಮತ್ತೆ ಕೋಟಿನವರ ಮೆಟ್ಟಿಲು ಹತ್ತಿದೆವು. ಸಾಕ್ಷಿಗೆ ಇರಲಿ ಎಂದು ದೊಡ್ಡಮ್ಮ ಒಂದು ತೋಳನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಪೇಪರು ಸಾಲದೆ ಬೆರಳುಗಳು ಹೊರಗೆ ಇಣುಕುತ್ತಿದ್ದವು. ಔಷಧಿ ಅಂಗಡಿಯಲ್ಲಿ ನಿಂತಿದ್ದವರೊಬ್ಬರು ನಮಗೆ ದಾರಿ ಬಿಟ್ಟುಕೊಟ್ಟು ಗೋಡೆಗೆ ಅಂಟಿಕೊಂಡರು.

ಕೋಟಿನವರು ಕೋಟು ತೊಟ್ಟು, "ಏನಮ್ಮ, ಸಾಫ್ಟ್‌ವೇರ್ ಚೆನ್ನಾಗಿತ್ತಾ?" ಎಂದರು. ಅಷ್ಟು ಕುಟುಕುವ ಹಕ್ಕು ಅವರಿಗಿತ್ತು. ದೊಡ್ಡಮ್ಮ ತೋಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಅವರು ಅದನ್ನು ತಿರುಗಿಸಿ, ತಟ್ಟಿ ನೋಡಿ, ಫ್ಯಾನಿಗೆ ಹಾರುತ್ತಿದ್ದ ಕಾಗದಗಳ ಮೇಲೆ ಭಾರಕ್ಕೆ ಇಟ್ಟುಕೊಂಡರು.

"ಇದು ಗೊಂಬೆ ಕೈ ತಾನೇ ಸಾರ್?" ಎಂದಳು ದೊಡ್ಡಮ್ಮ.

"ನೋಡಿದ್ರೇ ಗೊತ್ತಾಗುತ್ತಮ್ಮ. ಆದ್ರೆ ನನಗೆ ಗೊತ್ತಾಗಿ ಏನು ಬಂತು? ಸಿಸ್ಟಮ್‌ಗೆ ಗೊತ್ತಾಗಬೇಕಲ್ಲ."

"ನೀವು ಹೇಳಿ ಅದಕ್ಕೆ."

"ಅದು ಕೇಳಲ್ಲ."

"ಮತ್ತೆ ನಿಮಗ್ಯಾಕೆ ಫೀಸು?"

"ಅದು ಏನು ಕೇಳಬೇಕು ಅಂತ ಕಾಯ್ತಿದೆಯೋ ಅದನ್ನ ಹೇಳೋಕೆ" ಎಂದರು ಕೋಟಿನವರು. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ನೋಡಿದರೆ ಅದೇ ಪುಟ, ಅದೇ "ದಯವಿಟ್ಟು", ಅದೇ ಎರಡು ಗುಂಡಿಗಳು! ಬಸ್ ನಿಲ್ದಾಣದ ಪೋಸ್ಟರ್ ನೋಡಿ ನಾನು ಹೊಕ್ಕ ಬಾಗಿಲಿನಲ್ಲೇ ಅವರೂ ಕೋಟು ತೊಟ್ಟು ಹೊಗುತ್ತಾರೆ. ಒಳಗೆ ಹೋದ ಮೇಲೆ ಇಬ್ಬರಿಗೂ ಸಿಗುವುದು ಒಂದೇ ಗೋಡೆ.

ಆಮೇಲೆ ಅವರು ಉಪಾಯ ಹೇಳಿದರು. ಗೊಂಬೆ ಎಂದು ವಾದಿಸಿದರೆ ಮೇಲ್ಮನವಿ, ವಿಚಾರಣೆ ಎಂದು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಕೋಣೆ ಹೋಗಿರುತ್ತದೆ. ಅದರ ಬದಲು, ಹನ್ನೊಂದು ಜನ ಇದ್ದದ್ದು ನಿಜ, ಈಗ ಎಲ್ಲರೂ ರಾಜೀನಾಮೆ ಕೊಟ್ಟು ಹೋದರು ಎಂದು ಬರೆದುಕೊಟ್ಟರೆ ಸಣ್ಣ ದಂಡದಲ್ಲಿ ಮುಗಿಯುತ್ತದೆ. "ಎಲ್ಲರ ಸಹಿ ಒಂದು ಬೇಕು" ಎಂದು ಮೆಲ್ಲಗೆ ಸೇರಿಸಿದರು.

"ಸಹಿಗೆ ಕೈ ಇಲ್ಲಿದೆಯಲ್ಲ ಸಾರ್" ಎಂದು ನಾನೇ ಹೇಳಿಬಿಟ್ಟೆ. ಆ ಆಫೀಸಿನಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು. ಕೋಟಿನವರು ನಕ್ಕರು. ದೊಡ್ಡಮ್ಮ ನಗಲಿಲ್ಲ.

"ಇಷ್ಟು ವರ್ಷ ಇಲ್ಲದೇ ಇರೋ ಜನಾನ ಇದ್ರು ಅಂತ ನಾನು ಬರ್ಕೊಟ್ರೆ, ಅವರ ಸಂಬಳ ಎಲ್ಲಿ ಹೋಯ್ತು ಅಂತಾರಲ್ಲ ಸಾರ್? ಹನ್ನೊಂದು ಜನರ ಕೂಲಿ ತಿಂದೋಳು ಅಂತ ನನ್ನ ಹೆಸರಿನ ಮುಂದೆ ಇರುತ್ತೆ. ಕೋಣೆ ಉಳಿಸ್ಕೊಳ್ಳೋಕೆ ನಾನು ಕಳ್ಳಿ ಆಗ್ಲಾ?"

ಕೋಟಿನವರು ಕಂಪ್ಯೂಟರನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. ಆ ದಿನದ ಫೀಸು ಕೇಳಲಿಲ್ಲ. ತೋಳನ್ನು ತಾವೇ ಪೇಪರಿನಲ್ಲಿ ಸುತ್ತಿಕೊಟ್ಟರು, ಬೆರಳು ಕಾಣದ ಹಾಗೆ.

ಮಾನ್ಯರೇ, ಅಂದಿನಿಂದ ನಮ್ಮ ಕಟ್ಟಡದಲ್ಲಿ ಎಲ್ಲರೂ ಕೇಳುವುದು ಒಂದೇ: ಸಾಫ್ಟ್‌ವೇರ್ ಒಳ್ಳೆಯದೋ, ಆಡಿಟರ್ ಒಳ್ಳೆಯವರೋ? ಡ್ರೈವರಣ್ಣನಿಗೆ ತಿಂಗಳಿಗೊಂದು ಸಂಬಳ, ಅದಕ್ಕೊಂದು ಚೀಟಿ. ಅವನು ಆಡಿಟರಿಗೆ ದುಡ್ಡು ಕೊಟ್ಟರೆ ಅದು ದಾನ. ಅವನ ಬದುಕು ನಿಮ್ಮ ಖಾನೆಗಳಲ್ಲಿ ಸಲೀಸಾಗಿ ಕೂರುತ್ತದೆ, ಅವನು ಸೀಟಿ ಹೊಡೆಯಲಿ. ಖಾನೆಯಲ್ಲಿ ಕೂರದ ನಮ್ಮಂಥವರಿಗೆ, ನೋಡಿ ತಿಳಿದುಕೊಳ್ಳುವ ಒಬ್ಬ ಮನುಷ್ಯ ಬೇಕು. ಕೋಟಿನವರು ನೋಡಿದರು, ತಿಳಿದುಕೊಂಡರು. ನೋಡಿದ್ದನ್ನು ಬರೆಯಲು ಮಾತ್ರ ನೀವು ಅವರಿಗೆ ಜಾಗ ಇಟ್ಟಿಲ್ಲ. ಗೊಂಬೆಯನ್ನು ಮನುಷ್ಯ ಎನ್ನುವ ಯಂತ್ರವನ್ನು ಕ್ಷಮಿಸಬಹುದು, ಅದಕ್ಕೆ ತಿಳಿಯದು. ಗೊಂಬೆ ಎಂದು ತಿಳಿದೂ ಮನುಷ್ಯ ಎಂದು ಬರೆಯುವಂತೆ ಒಬ್ಬ ಓದಿದವರನ್ನು ಕೂರಿಸಿದ್ದೀರಲ್ಲ, ಅದನ್ನು ಏನೆನ್ನಬೇಕು? ನಮ್ಮ ಕೋಣೆಯಲ್ಲಿ ಕೂರಿಸಿದ ಹಾಗೆ ಕೂರುವವರನ್ನು ಏನೆನ್ನುತ್ತೇವೆ ಎಂದು ಮೇಲೆ ಹೇಳಿದ್ದೇನೆ.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. ಸಾಫ್ಟ್‌ವೇರನ್ನು ಮುಚ್ಚಬೇಡಿ. ನನ್ನಂಥ ಬಾಯಿಸತ್ತವರು ಇನ್ನೂ ಬೇಕಾದಷ್ಟು ಜನರಿದ್ದಾರೆ. ಆದರೆ ಆ ಎರಡು ಗುಂಡಿಗಳ ಪಕ್ಕದಲ್ಲಿ "ಇದು ಹಾಗಲ್ಲ" ಎಂದು ಮೂರನೆಯದೊಂದನ್ನು ಇಡಿ. ಅದನ್ನು ಒತ್ತಿದರೆ ನಾಲ್ಕು ಸಾಲು ಬರೆಯಲು ಜಾಗವಿರಲಿ, ಬರೆದದ್ದನ್ನು ಒಬ್ಬ ಮನುಷ್ಯ ಓದಲಿ. ಮತ್ತು ತಿಂಗಳು ಮುಗಿಯುವ ಮುನ್ನ ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು ನಮ್ಮ ಕೋಣೆಗೆ ಬಂದು, ಹನ್ನೊಂದು ಮಂದಿಯನ್ನೂ ಮುಟ್ಟಿ ನೋಡಿ, ನೋಡಿದ್ದನ್ನು ನೋಡಿದಂತೆ ಬರೆದುಕೊಂಡು ಹೋಗಲಿ. ಅಲ್ಲಿಯ ತನಕ ಪರವಾನಗಿಗೆ ಕೈ ಹಚ್ಚಬೇಡಿ. ನಾವು ಯಾವ ರಾಜೀನಾಮೆಯನ್ನೂ ಕಳಿಸುವುದಿಲ್ಲ.

ಬಂದವರಿಗೆ ಸ್ಟೂಲು ಹಾಕಿ ಕಾಫಿ ಕೊಡುತ್ತೇವೆ. ಬೇಕಾದರೆ ಸಾಕ್ಷಿಗೆ ಇನ್ನೊಂದು ಫೋಟೋ ತೆಗೆಯೋಣ. ಒಂದೇ ಎಚ್ಚರಿಕೆ. ಫೋಟೋ ತೆಗೆಯುವಾಗ ಅವರು ಮೇಜಿನ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ಬರೆಯುತ್ತಾ ಕೂತಿರಬಾರದು. ಕೂತಿದ್ದರೆ ನಿಮ್ಮ ಲೆಕ್ಕದಲ್ಲಿ ಅವರು ನಮ್ಮ ಹನ್ನೆರಡನೆಯ ಆಳು. ಅವರಿಗೂ ನಾವು ಸಂಬಳ ಕೊಡುತ್ತಿಲ್ಲ ಎಂದು ನೋಟಿಸ್ ಬರುತ್ತದೆ, ಸಹಾಯವಾಣಿಯವರು ಫೋನ್ ಮಾಡುತ್ತಾರೆ, ಆಗ ಅವರು ಎಷ್ಟು ಜೋರಾಗಿ "ನಾನು ಅಧಿಕಾರಿ" ಎಂದು ಕೂಗಿದರೂ ಒತ್ತಲು ಗುಂಡಿ ಇರುವುದಿಲ್ಲ.

ಇಂತಿ,
ಫೋಟೋದಲ್ಲಿ ಇಲ್ಲದ ಕಾರಣ ಲೆಕ್ಕಕ್ಕೆ ಸಿಗದ ಇಬ್ಬರಲ್ಲಿ ಕಿರಿಯವಳು
(ಹಿರಿಯವಳು ಇನ್ನೂ ಮೇಜಿನ ಕೆಳಗಿದ್ದಾಳೆ. ಕಿರುಬೆರಳು ಸಿಕ್ಕಿಲ್ಲ.)