ಹದಿನಾಲ್ಕನೇ ಕೋಣೆಯ ಪದಾತಿ ದಳ

ಸ್ವಸ್ತಿ!

ಸಮಸ್ತ ಖಾಲಿ ಬೆಂಚುಗಳ ಏಕಚ್ಛತ್ರಾಧಿಪತಿಗಳೂ, ಸೀಮೆಸುಣ್ಣದ ಧೂಳಿನಿಂದ ನಿತ್ಯ ಅಭಿಷಿಕ್ತರೂ, ಅಮೆರಿಕದ ಅಂತರ್ಯುದ್ಧವನ್ನು ಆನಗೋಡಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೊತ್ತು ತರುತ್ತಿದ್ದ ಮಹಾಮಂಡಲೇಶ್ವರಿಯರೂ ಆದ ಶ್ರೀಮತಿ ಪುಷ್ಪಲತಾ ಮೇಡಂ ಅವರ ದಿವ್ಯ ಸನ್ನಿಧಾನಕ್ಕೆ, ವಿಸ್ಕಾನ್ಸಿನ್ ಹದಿನೈದನೆಯ ಪದಾತಿ ದಳದ ದಾವಣಗೆರೆ ಶಾಖೆಯ ಮೊದಲನೆಯ ಹಾಗೂ ಕೊನೆಯ ಸಿಪಾಯಿಯು, ಬೂಟು ಇಲ್ಲದ ಕಾರಣ ಹವಾಯಿ ಚಪ್ಪಲಿಯಲ್ಲೇ ಹಿಮ್ಮಡಿ ಬಡಿದು ಹೊಡೆಯುವ ಸಲ್ಯೂಟು.

ಮೇಡಂ, ಬಿರುದಾವಳಿ ಇನ್ನೂ ಇತ್ತು. ‘ವಿಷಯಕ್ಕೆ ಬಾರೋ’ ಎಂದು ಗದರುತ್ತೀರೆಂಬ ಭಯಕ್ಕೆ ನಿಲ್ಲಿಸಿದ್ದೇನೆ.

ಹರಿಹರದ ರೈಲ್ವೆ ನಿಲ್ದಾಣದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆಗೆ ಹೋಗುವ ಗಾಡಿ ಎಂದಿನಂತೆ ತಡ. ನಿಮ್ಮ ವಿಳಾಸಕ್ಕಾಗಿ ನಮ್ಮ ಕಾಲೇಜಿನ ಅಟೆಂಡರ್ ಭರಮಣ್ಣನಿಗೆ ಮಂಡಕ್ಕಿ ಮಿರ್ಚಿ ಕೊಡಿಸಬೇಕಾಯಿತು. ಪೂರ್ತಿ ತಿಂದು, ಕೈ ಒರೆಸಿಕೊಂಡು, ಆತ ಹೇಳಿದ್ದಿಷ್ಟು: “ಮೇಡಮ್ಮಾರು ಆನಗೋಡಿನೋರು ಅಂತ ನಿಂಗೂ ಗೊತ್ತೈತೆ. ಹೆಸರು ಬರ್ದು ಡಬ್ಬಿಗೆ ಹಾಕು, ಮುಟ್ಟುತ್ತೆ. ಇದಕ್ಕೆ ನನ್ನ ಯಾಕ ಕೇಳಬೇಕಿತ್ತು?”

ಸತ್ಯ ಹೇಳಬೇಕೆಂದರೆ, ನಿಮ್ಮ ಬಗ್ಗೆ ಮಾತಾಡಲು ಕಾಲೇಜಿನಲ್ಲಿ ಬೇರೆ ಯಾರೂ ಸಿಗಲಿಲ್ಲ.

ನೀವು ಹೋದ ಮೇಲೆ ಹದಿನಾಲ್ಕನೇ ಕೋಣೆಗೆ ಮುರಿದ ಬೆಂಚುಗಳನ್ನು ತುಂಬಿದ್ದಾರೆ. ಕರಿಹಲಗೆಯನ್ನು ಮಾತ್ರ ಯಾರೂ ಒರೆಸಿಲ್ಲ. ನೀವು ಬರೆದ ಸಿಂಹ, ಮುಂಗಾಲಿನಲ್ಲಿ ಕೊಡಲಿ ಹಿಡಿದುಕೊಂಡು, ಇನ್ನೂ ನಿಂತಿದೆ. ಅದನ್ನು ಬರೆದ ದಿನ ನಾನು ಎದ್ದು ನಿಂತು, ಬಹಳ ಗಂಭೀರವಾಗಿ, “ಮೇಡಂ, ಆ ನಾಯಿ ಯಾವ ಜಾತೀದು?” ಎಂದು ಕೇಳಿದ್ದೆ. ನೀವು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ನಾರ್ವೆ ದೇಶದ ಸಿಂಹ ಕಣೋ ಅದು. ಚಳಿಗೆ ಹಂಗಾಗೈತೆ” ಅಂದಿರಿ. ತಮಾಷೆಗೆ ತಮಾಷೆ ವಾಪಸ್ ಕೊಟ್ಟ ಮೊದಲ ಮೇಷ್ಟ್ರು ನೀವು. ನಾನು ಅಂದೇ ಸೋತೆ.

ಪಾಠ ನೆನಪಿದೆಯೇ ಎಂದು ಪರೀಕ್ಷೆ ಮಾಡುವಿರಾದರೆ ಒಪ್ಪಿಸುತ್ತೇನೆ. ಗುಲಾಮಗಿರಿಯ ವಿಚಾರಕ್ಕೆ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿಕೊಂಡಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕುಗಳಿಂದ ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದು, ವಿಸ್ಕಾನ್ಸಿನ್ ಸೀಮೆಯಲ್ಲಿ ಹೊಲ ಮಾಡಿಕೊಂಡಿದ್ದ ರೈತರು ತಮ್ಮದೇ ಒಂದು ದಳ ಕಟ್ಟಿ, ಉತ್ತರದ ಪರವಾಗಿ ಹೊರಟರು. ಸಾವಿರದ ಎಂಟುನೂರ ಅರವತ್ತೆರಡನೇ ಇಸವಿ. ಬಾವುಟದ ಮೇಲೆ ಹೊಸ ನಾಡಿನ ಲಾಂಛನದ ಜೊತೆಗೇ ಹಳೆಯ ನಾಡಿನ ಸಿಂಹ. ಊಲೆ ಎಂಬ ಹೆಸರಿನವರೇ ನೂರಕ್ಕೂ ಹೆಚ್ಚು ಜನ ಇದ್ದರಂತೆ. ‘ಊಲೆ’ ಎಂದು ಕೂಗಿದರೆ ಒಂದು ಸಂತೆಯೇ ತಿರುಗಿ ನೋಡುತ್ತಿತ್ತೇನೋ.

“ಬಂದು ಹತ್ತು ಹದಿನೈದು ವರ್ಷ ಆಗಿತ್ತಷ್ಟೇ. ಎಷ್ಟೋ ಜನಕ್ಕೆ ಅಲ್ಲಿನ ಭಾಷೆನೂ ಸರಿಯಾಗಿ ಬರ್ತಿರಲಿಲ್ಲ. ಅಂಥೋರು ಆ ನಾಡಿಗೋಸ್ಕರ ಯಾಕೆ ಸಾಯೋಕೆ ಹೋದ್ರು?” ಎಂದು ನೀವು ಕೇಳಿದಿರಿ. ನಾನು ತಲೆ ಕೆರೆದುಕೊಂಡು, “ನೀವೇ ಹೇಳ್ರಿ ಮೇಡಂ” ಅಂದೆ. ನೀವು ಕಿಟಕಿಯಾಚೆ ನೋಡುತ್ತಾ, “ನಂಗೂ ಗೊತ್ತಿಲ್ಲ ಕಣೋ. ಹನ್ನೊಂದು ವರ್ಷದಿಂದ ಇದೇ ಪಾಠ ಮಾಡ್ತಿದೀನಿ, ಪ್ರತಿ ಸಲ ಇಲ್ಲಿಗೆ ಬಂದು ನಿಲ್ತೀನಿ” ಅಂದಿರಿ. ಆಮೇಲೆ ನಕ್ಕು, “ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿ! ಯಾವ ಮನ್ಯಾಗಾದ್ರೂ ಇಷ್ಟು ವರ್ಷ ನೆಂಟ್ರನ್ನ ನೆಂಟ್ರು ಅಂತಲೇ ಕರೀತಾರೇನು?” ಎಂದಿರಿ. ನಾನು ಬೆಂಚಿನ ಮೊಳೆ ಕೀಳುತ್ತಾ ಕೂತೆ.

ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರು. ಕೋಣೆಯಲ್ಲಿ ಇದ್ದದ್ದು ನಾನೊಬ್ಬ. ಹತ್ತು ಜನ ವಿದ್ಯಾರ್ಥಿಗಳು ಕೂರದ ಐಚ್ಛಿಕ ಪೇಪರನ್ನು ಮುಚ್ಚಲಾಗುವುದು ಎಂದು ಆಫೀಸಿನವರು ಸೂಚನಾ ಫಲಕದಲ್ಲಿ ಅಂಟಿಸಿದ್ದರು. “ನಂಗೆ ಈ ವರ್ಷ ಕೊಟ್ಟಿರೋದು ಇದೊಂದೇ ಪೇಪರು. ಇದು ಮುಚ್ಚಿದ್ರೆ ನಾನೂ ಮನೆಗೆ” ಎಂದು ನೀವು ಒಮ್ಮೆ ಮಾತ್ರ ಹೇಳಿದಿರಿ, ಅದೂ ಡಸ್ಟರಿಗೆ ಹೇಳಿದ ಹಾಗೆ. ಮಾರನೆಯ ದಿನದಿಂದ ನಮ್ಮ ದಳದ ಸೈನ್ಯ ಜಮಾವಣೆ ಶುರುವಾಯಿತು. ಹಾಜರಿಯಲ್ಲಿ ಹನುಮೇಶನ ಹೆಸರಿಗೆ ನಾನೇ ಕೊನೆಯ ಬೆಂಚಿನಿಂದ ದಪ್ಪ ದನಿಯಲ್ಲಿ “ಎಸ್ ಮೇಡಂ”. ಸುಮೈರಾಗೆ ಬಾಗಿಲ ಮರೆಯಿಂದ ಸಣ್ಣ ದನಿ. ಕೀರ್ತನಾ ಹೆಸರಿಗೆ ಬರುವ ಹೊತ್ತಿಗೆ ದನಿಗಳ ದಾಸ್ತಾನು ಮುಗಿದು, ಬರೀ ಕೆಮ್ಮಿದೆ. ನೀವು ತಲೆ ಎತ್ತಲಿಲ್ಲ. “ಕೀರ್ತನಾಗೆ ಥಂಡಿ ಆಗೇತೇನು? ಬಿಸಿನೀರು ಕುಡಿಯೋಕೆ ಹೇಳು” ಎಂದಷ್ಟೇ ಅಂದು ಟಿಕ್ ಹಾಕಿದಿರಿ.

ಆಮೇಲೆ ಆ ಬುಧವಾರ. ಬೆಳಿಗ್ಗೆ ಗೇಟಿನಲ್ಲೇ ಭರಮಣ್ಣ ನನ್ನ ಕಿವಿಗೆ ಬಾಯಿ ಹಚ್ಚಿ, “ಮಧ್ಯಾಹ್ನ ಪ್ರಿನ್ಸಿಪಾಲ್ರು ನಿಮ್ಮ ರೂಮಿಗೆ ತಲೆ ಎಣಿಸೋಕೆ ಬರ್ತಾರಂತೆ” ಅಂದ. ದನಿಗಳನ್ನು ಹುಟ್ಟಿಸಬಹುದು, ತಲೆಗಳನ್ನು ಎಲ್ಲಿಂದ ತರುವುದು? ವಾಲಿಬಾಲ್ ಆಡುತ್ತಿದ್ದ ಆರು ಜನರನ್ನು ಬೆವರಿನ ಸಮೇತ ಎಳೆದು ತಂದೆ. ಕ್ಯಾಂಟೀನಿನಲ್ಲಿ ಇಬ್ಬರು ಸಿಕ್ಕರು. ನನ್ನನ್ನೂ ಸೇರಿಸಿ ಒಂಬತ್ತು. ಆಗ ನಮ್ಮ ಕೋಣೆಯ ಫ್ಯಾನು ರಿಪೇರಿಗೆ ಏಣಿ ಹತ್ತಿದ್ದ ಎಲೆಕ್ಟ್ರಿಷಿಯನ್ ಸೈಫುಲ್ಲಾ ಭಾಯ್ ಕಣ್ಣಿಗೆ ಬಿದ್ದ.

“ಭಾಯ್, ಹತ್ತು ನಿಮಿಷ ಬೆಂಚಿನ ಮೇಲೆ ಕೂತ್ಕೋ, ಸಾಕು.”

“ನಾನು ಕೂತ್ರೆ ಫ್ಯಾನ್ ಯಾರು ಮಾಡ್ತಾರಲೇ, ನಿಮ್ಮಪ್ಪನಾ?”

“ಮೇಡಮ್ಮಾರ ಕೆಲ್ಸ ಹೋಗೋದೈತೆ ಭಾಯ್.”

“ಹಂಗಂತ ಮೊದ್ಲೇ ಬೊಗಳಬಾರ್ದಾ” ಎಂದು ಸ್ಕ್ರೂಡ್ರೈವರ್ ಜೇಬಿಗೆ ಸಿಕ್ಕಿಸಿಕೊಂಡು, ಪುಣ್ಯಾತ್ಮ, ಮೊದಲ ಬೆಂಚಿನಲ್ಲೇ ಕೂತ.

ನೀವು ಒಳಗೆ ಬಂದು, ತುಂಬಿದ ಕೋಣೆ ನೋಡಿ, ಬಾಗಿಲಲ್ಲೇ ನಿಂತುಬಿಟ್ಟಿರಿ. ಒಂದು ಗಳಿಗೆ ನಿಮ್ಮ ಮುಖ ಬೆಳಗಿತು, ನನಗೆ ಗೊತ್ತು. ಅಷ್ಟರಲ್ಲಿ ಬೆನ್ನ ಹಿಂದೆಯೇ ಪ್ರಿನ್ಸಿಪಾಲರು. ಬೆರಳಾಡಿಸುತ್ತ ಎಣಿಸಿದರು. ಹತ್ತು. ತೃಪ್ತರಾಗಿ ಹೊರಟೇಬಿಟ್ಟಿದ್ದರು, ಹೊಸ್ತಿಲಲ್ಲಿ ಏನನ್ನಿಸಿತೋ, ಮೊದಲ ಬೆಂಚಿನ ಕಡೆ ತಿರುಗಿ, “ಏನಪ್ಪಾ, ಎಲ್ಲಿಗೆ ಬಂತು ಪಾಠ?” ಎಂದರು. ಸೈಫುಲ್ಲಾ ಭಾಯ್ ಎದ್ದು ಕೈಕಟ್ಟಿ ನಿಂತು ವರದಿ ಒಪ್ಪಿಸಿದ: “ಕೆಪ್ಯಾಸಿಟರ್ ಹೋಗಿತ್ತು ಸಾರ್. ಹೊಸಾದು ಹಾಕೀನಿ.”

ವಾಲಿಬಾಲ್ ತಂಡ ಗೊಳ್ಳೆಂದಿತು. ಆಗಲೂ ಏನಾದರೂ ಹೇಳಿ ತೇಲಿಸಬಹುದಿತ್ತು. ನನ್ನ ಬಾಯಲ್ಲಿ ಮೂರು ಸುಳ್ಳು ತಯಾರಿದ್ದವು. ನೀವು ನನಗೆ ಕೈ ಅಡ್ಡ ಹಿಡಿದಿರಿ. “ಸರ್, ಇವ್ರ್ಯಾರೂ ನನ್ನ ಕ್ಲಾಸಿನೋರಲ್ಲ. ದಿನಾ ಹಾಕಿರೋ ಹಾಜರಿನೂ ಸುಳ್ಳು, ತಪ್ಪು ನಂದೇ. ನಂಗಿರೋ ಸ್ಟೂಡೆಂಟು ಒಬ್ಬನೇ. ಇವನು, ಕೊಟ್ಟೂರೇಶಿ. ಒಂದಿನ ತಪ್ಪಿಸಿಲ್ಲ. ಇವನೊಬ್ಬನಿಗೆ ಪಾಠ ಮುಗಿಸೋಕೆ ಬಿಡಿ, ಆಮೇಲೆ ಮುಚ್ಕೊಳ್ಳಿ.”

ಪ್ರಿನ್ಸಿಪಾಲರು “ನೋಡಾಣಮ್ಮ” ಅಂದರು. ನೋಡುವವರು ಹಾಗೆ ಅನ್ನುವುದಿಲ್ಲ.

ಎಲ್ಲರೂ ಹೋದ ಮೇಲೆ ನಾನು ಜಗಳಕ್ಕೇ ಬಂದೆ. “ಯಾಕೆ ಹೇಳಿದ್ರಿ ಮೇಡಂ? ಇನ್ನೊಂದು ನಿಮಿಷ ಸುಮ್ಮನಿದ್ದಿದ್ರೆ ಆಗ್ತಿತ್ತು!” ನೀವು ಕುರ್ಚಿಯಲ್ಲಿ ಕೂತು, ನಿಧಾನವಾಗಿ ನೀರು ಕುಡಿದು, ಹೇಳಿದ ಮಾತು ಇದು: “ಒಂಬತ್ತು ತಲೆ ಸುಳ್ಳಾದ್ರೂ ಒಂದು ನಿಜ ಇತ್ತಲ್ಲೋ. ಅದನ್ನ ನೋಡಿ ಧೈರ್ಯ ಬಂತು.”

ಆ ಮಾತಿಗೆ ನಾನು ಹಲ್ಲು ಕಿರಿದೆ.

ಶನಿವಾರ ನಮ್ಮ ಪೇಪರು ಮುಚ್ಚಿತು. ನೀವು ಅಂದೂ ಪಾಠ ಬಿಡಲಿಲ್ಲ. ಚಿಕಮಾಗಾ ಎಂಬಲ್ಲಿ ನಡೆದ ಕಾಳಗ. ಚಿಕ್ಕಮಗಳೂರಿನ ಮಗ್ಗುಲಿಗೆ ಬರುತ್ತೇನು ಮೇಡಂ ಎಂದು ಕೇಳಲು ಹೊರಟವನು ಬಾಯಿ ಮುಚ್ಚಿಕೊಂಡೆ. ದಳ ಅಲ್ಲಿ ಅರ್ಧಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಗುಂಡು ತಗುಲಿದ ಕರ್ನಲ್ ಮರುದಿನ ತೀರಿಕೊಂಡ. ಇಡೀ ಯುದ್ಧದಲ್ಲಿ ಗುಂಡಿಗಿಂತ ಕಾಯಿಲೆಗೆ ಸತ್ತವರೇ ಹೆಚ್ಚು ಎಂದಿರಿ. ಉಳಿದವರು ಹೊಲಗಳಿಗೆ ಹಿಂದಿರುಗಿದರು. “ಅಷ್ಟೇ. ಮುಗೀತು” ಎಂದು ಕೈಯ ಸುಣ್ಣ ಕೊಡವಿಕೊಂಡಿರಿ. ಬಸ್ ಸ್ಟ್ಯಾಂಡಿನವರೆಗೂ ನಿಮ್ಮ ಪುಸ್ತಕದ ಚೀಲ ಹೊತ್ತು ತಂದೆ. ಹತ್ತುವಾಗ ತಿರುಗಿ, “ಕೊಟ್ಟೂರೇಶಿ, ಎಂ.ಎ.ಗೂ ಹಿಸ್ಟರಿನೇ ತಗೋ. ನೀನು ಕೇಳೋ ಹುಡುಗ” ಅಂದಿರಿ. ನಾನು “ಆಗ್ಲಿ ಮೇಡಂ” ಅಂದೆ.

ಈಗಲೂ ನಿಮ್ಮ ಪಾಠದ ಹೊತ್ತಿಗೆ ಕಾಲುಗಳು ತಾವಾಗಿ ನನ್ನನ್ನು ಹದಿನಾಲ್ಕನೇ ಕೋಣೆಗೆ ಒಯ್ಯುತ್ತವೆ. ಮುರಿದ ಬೆಂಚುಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತೇನೆ. ಸೈಫುಲ್ಲಾ ಭಾಯ್ ಸರಿ ಮಾಡಿದ ಫ್ಯಾನು ಚೆನ್ನಾಗಿ ತಿರುಗುತ್ತದೆ. ಎರಡು ಸಾವಿರ ಹುಡುಗರಿರುವ ಕಾಲೇಜು ಮೇಡಂ ಇದು. ನಾನು ಮಂಗನಾಟ ಆಡಿದರೆ ನಗುವವರಿಗೆ ಬರವಿಲ್ಲ. ನಕ್ಕು ಮುಂದೆ ಹೋಗುತ್ತಾರೆ. ಹೆಸರು ಹಿಡಿದು ಕರೆದು, ಓಗೊಟ್ಟ ಮೇಲೂ ಮುಖ ನೋಡುತ್ತಿದ್ದವರು ನೀವೊಬ್ಬರೇ.

ಉಕ್ಕಡಗಾತ್ರಿ ಗದ್ದುಗೆಯ ಅಜ್ಜ ನಿಮ್ಮನ್ನು ತಣ್ಣಗೆ ಇಟ್ಟಿರಲಿ. ನೀವು ಮುಂದೆ ಕಾಲಿಡುವ ಕಾಲೇಜಿನಲ್ಲಿ ಬೆಂಚುಗಳು ಸಾಲದೆ ಹುಡುಗರು ಕಿಟಕಿಯಲ್ಲಿ ಕೂರಲಿ. ಎಲ್ಲರೂ ಸೇರಿ ಎಂಥ ಗದ್ದಲ ಎಬ್ಬಿಸಲಿ ಎಂದರೆ, ನಿಮ್ಮ ಗಂಟಲು ಹರಿದು, ಈ ಒಂಟಿ ಕ್ಲಾಸೇ ಮೇಲಿತ್ತು ಅನ್ನಿಸಲಿ.

ಬಂದೂಕು ಕೆಳಗಿಟ್ಟು ಬೀಳ್ಕೊಳ್ಳುವ,
ತಮ್ಮ ದಳದ ಉಳಿದ ಒಬ್ಬ ಸಿಪಾಯಿ,
ಕೊಟ್ಟೂರೇಶ್

ಮೇಡಂ, ಮೇಲಿನ ಸಹಿಯಲ್ಲಿ ಒಂದು ಸಣ್ಣ ದೋಷವಿದೆ. ನಾನು ಕೊಟ್ಟೂರೇಶ್ ಅಲ್ಲ. ಆತ ಕಾಲೇಜು ಬಿಟ್ಟು ಇಲ್ಲೇ ಹರಿಹರದ ಯಾವುದೋ ಗ್ಯಾರೇಜಿನಲ್ಲಿದ್ದಾನಂತೆ. ನಾನು ಅವನ ಮುಖ ನೋಡಿಲ್ಲ. ನನ್ನ ಹೆಸರು ಬಿಲಾಲ್. ಬಿ.ಕಾಂ. ಎರಡನೇ ವರ್ಷ. ಇತಿಹಾಸ ನನ್ನ ವಿಷಯವೇ ಅಲ್ಲ. ಮೊದಲ ದಿನ, ಒಬ್ಬನೇ ಕೂತು ಬುತ್ತಿ ಬಿಚ್ಚಲು ಖಾಲಿ ಕೋಣೆ ಹುಡುಕಿಕೊಂಡು ಬಂದಿದ್ದೆ. ನೀವು ಒಳಗೆ ಬಂದು ಹೆಸರು ಕರೆಯತೊಡಗಿದಿರಿ. ಪ್ರತಿ ಹೆಸರಿಗೂ ತಲೆ ಎತ್ತಿ ಕಾಯುತ್ತಿದ್ದಿರಿ. ಹತ್ತು ಹೆಸರಿಗೆ ಸುಮ್ಮನಿದ್ದೆ. ಹನ್ನೊಂದನೆಯದು ಕೊಟ್ಟೂರೇಶನದು. ಅದಕ್ಕೂ ಸುಮ್ಮನಿರಲು ನನ್ನಿಂದ ಆಗಲಿಲ್ಲ.